ಟ್ರೆಬಲ್ ಗುಂಡಿಗೆ ಹಚ್ಚಿದ ಅರಗು

ನನ್ನ ಚಿಗವ್ವ ಮೂರು ವರ್ಷ ಹಾಡಲಿಲ್ಲ. ಹಾಡು ಬಿಡಿಸಿದವನು ನಾನು. ಇದು ಗೊತ್ತಾದ ದಿನ ನಾಚಿಕೆಯಿಂದ ತಲೆ ತಗ್ಗಿಸಿದೆ ಎಂದು ಬರೆದರೆ ಓದುವವರಿಗೆ ಚೆಂದ ಅನ್ನಿಸಬಹುದು, ಆದರೆ ಅದು ಸುಳ್ಳು. ಆ ದಿನ ನಾನು ಜೇವರ್ಗಿಯ ನನ್ನ ಅಂಗಡಿಯಲ್ಲಿ ನಿಂತು ಎದುರಿಗೆ ಸಿಕ್ಕವರಿಗೆಲ್ಲ ಬೈದೆ. ಹೆಂಡತಿಗೆ ಬೈದೆ, ಹೆಂಡತಿಯ ತಮ್ಮನಿಗೆ ಬೈದೆ, ರಿಪೇರಿಗೆಂದು ಅಫಜಲಪುರದಿಂದ ಬಂದು ಕೂತಿದ್ದ ಗಿರಾಕಿಗೂ ಬೈದೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡೋಣ ಎಂದು ಕೂತಿದ್ದೇನೆ. ಇಳಿದ ಮೇಲೆ ಬರೆದರೆ ನನ್ನ ಪರವಾಗಿ ನಾನೇ ಒಂದಿಷ್ಟು ಬಣ್ಣ ಹಚ್ಚಿಕೊಂಡೇನು.

ನನ್ನದು ಆಂಪ್ಲಿಫೈಯರ್ ಮತ್ತು ಸ್ಪೀಕರ್ ಮಾಡುವ ಕೆಲಸ. ಎರಡೂ ಸೇರಿದರೆ ನಮ್ಮ ಕಡೆ ಅದಕ್ಕೆ ಸೆಟ್ ಎನ್ನುತ್ತಾರೆ. ಮದುವೆ ಮೆರವಣಿಗೆಯ ಹಾರ್ನ್ ಸ್ಪೀಕರುಗಳ ರಿಪೇರಿಯೂ ಮಾಡುತ್ತೇನೆ. ಹೆದ್ದಾರಿಯ ಬದಿಗೆ ಅಂಗಡಿ, ಬೋರ್ಡಿನ ಮೇಲೆ ಹೈ-ಫೈ ಎಂದು ದೊಡ್ಡದಾಗಿ ಬರೆಸಿದ್ದೇನೆ. ವಿಜಯಪುರದ ಕಡೆ ಹೋಗುವ ಲಾರಿಗಳ ಹಾರ್ನಿನ ನಡುವೆ ಕೂತು ತಬಲಾದ ಎಡ ಯಾವುದು ಬಲ ಯಾವುದು ಎಂದು ಬಿಡಿಸಿ ಹೇಳುವ ಮನುಷ್ಯ ಎಂದು ನನ್ನ ಹೆಸರು. ಆಳಂದದ ತೊಗರಿ ವ್ಯಾಪಾರಿಗಳು, ಅಫಜಲಪುರದ ಮಾಸ್ತರರು, ಭಜನಾ ಸಂಘದವರು, ಎಲ್ಲರೂ ಪೇಟೆಯ ಕಂಪನಿ ಸೆಟ್ ಬಿಟ್ಟು ನನ್ನ ಹತ್ತಿರ ಬರುತ್ತಿದ್ದರು. ಕಂಪನಿಯವರು ಪೆಟ್ಟಿಗೆಯ ಮೇಲೆ ಅಂಕಿಗಳ ಚೀಟಿ ಅಂಟಿಸುತ್ತಾರೆ, ಇಷ್ಟು ವಾಟ್, ಇಷ್ಟು ಹರ್ಟ್ಜ್ ಎಂದು. ಚೀಟಿ ಹಾಡುತ್ತದೇನು ಎಂದು ನಾನು ಗಿರಾಕಿಗಳನ್ನು ಕೇಳುತ್ತಿದ್ದೆ. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ನನಗೆ ಕೆಲಸ ಕಲಿಸಿದ ಕಲಬುರಗಿಯ ಉಸ್ತಾದರು ಒಂದು ಪದ್ಧತಿ ಹಾಕಿಕೊಟ್ಟಿದ್ದರು. ಸೆಟ್ ತಯಾರಾದ ಮೇಲೆ ಅದಕ್ಕೆ ಬೆನ್ನು ಮಾಡಿ ಕೂತು ಕೇಳಬೇಕು. ಮುಖ ಮಾಡಿ ಕೂತರೆ ಕಣ್ಣು ಪಾಲಿಶ್ ನೋಡಿ ಮೆಚ್ಚುತ್ತದೆ, ಮೀಟರಿನ ಮುಳ್ಳು ನೋಡಿ ಮೆಚ್ಚುತ್ತದೆ, ಕಿವಿಗೆ ಕೆಲಸವೇ ಉಳಿಯುವುದಿಲ್ಲ ಎನ್ನುತ್ತಿದ್ದರು. ಅವರು ತಮಗಾಗಿ ಇಟ್ಟುಕೊಂಡಿದ್ದ ಈ ಪದ್ಧತಿಯನ್ನು ನಾನು ಗಿರಾಕಿಗಳಿಗೂ ಹಚ್ಚಿದೆ. ಅಂಗಡಿಯಲ್ಲಿ ಒಂದು ಸ್ಟೂಲು ರಸ್ತೆಗೆ ಮುಖ ಮಾಡಿ ಇರುತ್ತದೆ. ಸೆಟ್ ಒಯ್ಯುವ ಮೊದಲು ಗಿರಾಕಿ ಅದರ ಮೇಲೆ ಕೂರಬೇಕು. ಹಿಂದಿನಿಂದ ನಾನು ಭಜನೆಯ ತಾಳ, ಏಕತಾರಿ, ಹೆಣ್ಣಿನ ದನಿ ಒಂದಾದ ಮೇಲೆ ಒಂದು ಕೇಳಿಸಿ, ಹೆಂಗದ ಎಂದು ವಿಚಾರಿಸಬೇಕು. ಗಿರಾಕಿ ಛಲೋ ಅದ್ರಿ ಎನ್ನಬೇಕು. ಇಪ್ಪತ್ತು ವರ್ಷದಲ್ಲಿ ಆ ಸ್ಟೂಲಿನ ಮೇಲೆ ಕೂತ ಒಬ್ಬನೂ ಬೇರೆ ಉತ್ತರ ಕೊಡಲಿಲ್ಲ. ಅಷ್ಟು ಮಂದಿ ಅಷ್ಟು ವರ್ಷ ಒಂದೇ ಉತ್ತರ ಕೊಟ್ಟರೆ ಬುದ್ಧಿ ಇದ್ದವನಿಗೆ ಸಂಶಯ ಬರಬೇಕು. ನನಗೆ ಬರಲಿಲ್ಲ, ಬದಲಿಗೆ ಎದೆ ಉಬ್ಬಿತು.

ಹೆಂಡತಿಯ ತಮ್ಮ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾನೆ. ರಜೆಯಲ್ಲಿ ಬಂದಾಗ ಅಂಗಡಿಯಲ್ಲಿ ಕೂರುತ್ತಾನೆ. ಒಳ್ಳೆಯ ಹುಡುಗ ಎಂದು ಈಗಲೂ ಕರೆಯುತ್ತೇನೆ, ತಲೆ ಅರ್ಧ ಬೆಳ್ಳಗಾಗಿದೆ. ಅವನದು ಎಲ್ಲವನ್ನೂ ಅಳೆಯುವ ಸ್ವಭಾವ, ಟೀ ಕುಡಿಯುವಾಗಲೂ ಸಕ್ಕರೆ ಎಷ್ಟು ಚಮಚ ಎಂದು ಕೇಳುವವನು. ನನಗೂ ಅವನಿಗೂ ಈ ವಿಷಯದಲ್ಲಿ ಎಂದೂ ಕೂಡಿ ಬರಲಿಲ್ಲ. ಒಮ್ಮೆ ಆಳಂದದ ಒಬ್ಬ ವ್ಯಾಪಾರಿಯ ಮನೆಗೆ ಒಂದು ಆಂಪ್ಲಿಫೈಯರ್ ಅವನೇ ಮಾಡಿದ. ಸ್ಪೀಕರಿನ ಬದಲು ಮೇಜಿನ ಮೇಲೆ ದೊಡ್ಡ ರೆಸಿಸ್ಟರ್ ಕಟ್ಟಿ, ಅಳತೆ ಯಂತ್ರದ ಪರದೆಯ ಮೇಲೆ ಅಲೆ ನೋಡಿ, ಎಲ್ಲ ಬರಾಬರಿ ಇದೆ ಎಂದು ಒಯ್ದು ಕೂಡಿಸಿದ. ಎರಡೇ ದಿನಕ್ಕೆ ದೂರು ಬಂತು. ನಾನು ಹೋಗಿ ಆ ಮನೆಯ ಪಡಸಾಲೆಯಲ್ಲಿ ಬೆನ್ನು ಮಾಡಿ ಕೂತೆ. ಗಂಡಸಿನ ದನಿ ಕೆಳಗಿಳಿದಾಗೆಲ್ಲ ಅದರ ಹಿಂದೆ ಗೊರಗೊರ ಎನ್ನುವ ಒಂದು ಸದ್ದು ಇತ್ತು. ಹಿಂದಿನ ಓಣಿಯಲ್ಲಿ ಬೇಳೆ ಮಿಲ್ಲು, ಅದರ ಮೋಟರು ಶುರುವಾದಾಗ ಮನೆಯ ಕರೆಂಟು ಇಳಿಯುತ್ತಿತ್ತು, ಟ್ರಾನ್ಸ್‌ಫಾರ್ಮರಿಗೆ ಅಷ್ಟು ದಮ್ಮು ಇರಲಿಲ್ಲ. ಅವನ ಮೇಜಿನ ಮೇಲೆ ಮಿಲ್ಲು ಇರಲಿಲ್ಲವಲ್ಲ, ಹಾಗಾಗಿ ಅವನ ಪರದೆಗೆ ಅದು ಕಾಣಲಿಲ್ಲ. ಈ ಕತೆಯನ್ನು ನಾನು ಆಮೇಲೆ ಎಷ್ಟು ಸಲ, ಎಷ್ಟು ಮಂದಿಯ ಎದುರಿಗೆ, ಅವನು ಕೂತಿರುವಾಗಲೇ ಹೇಳಿದೆನೋ ಲೆಕ್ಕವಿಲ್ಲ. ಅವನು ಪಾಪ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ.

ಇನ್ನು ಚಿಗವ್ವ. ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ಅವ್ವ ಬೇಗ ತೀರಿಹೋದ ಮೇಲೆ ನನ್ನನ್ನು ನಿಂಬರ್ಗಾಕ್ಕೆ ಕರೆದೊಯ್ದು ಬೆಳೆಸಿದವಳು. ತೊಗರಿ ಹೊಲದಲ್ಲಿ ಕಳೆ ತೆಗೆಯುವಾಗಲೂ ಹಾಡು, ರೊಟ್ಟಿ ಬಡಿಯುವಾಗಲೂ ಹಾಡು. ಸೋಮವಾರ ಸಂಜೆ ಗುಡಿಯ ಮುಂದಿನ ಭಜನಾ ಮನೆಯಲ್ಲಿ ಹೆಂಗಸರು ಸೇರಿ ತತ್ವಪದ ಹಾಡುತ್ತಾರೆ, ಮುಂದೆ ಹೇಳುವವಳು ಅವಳೇ. ಅವಳ ದನಿ ಜೋಳದ ರೊಟ್ಟಿಯ ಹಾಗೆ, ಜರಾ ಒರಟು, ಆದರೆ ಬಿಸಿ. ನಾನು ದನಿ ಎಂಬುದನ್ನು ಕಲಿತದ್ದೇ ಅವಳ ಬಾಯಿಂದ. ಯಾವ ಸೆಟ್ ಮಾಡಿದರೂ ನನ್ನ ಮನಸ್ಸಿನಲ್ಲಿ ಅದನ್ನು ಅವಳ ದನಿಗೆ ಹೋಲಿಸಿಯೇ ಪಾಸು ಮಾಡುತ್ತಿದ್ದೆ.

ಭಜನಾ ಮನೆಯ ಹಳೇ ಸೆಟ್ ಕೆಟ್ಟಾಗ ನಾನೇ ಒಂದು ಹೊಸದು ಮಾಡಿ ಕಾಣಿಕೆಯಾಗಿ ಕೊಟ್ಟೆ. ಜೀವ ತೇಯ್ದು ಮಾಡಿದ್ದೆ. ಮೊದಲ ಸೋಮವಾರ ಅವಳು ಒಂದು ಪದ ಹಾಡಿ, ಎರಡನೆಯದರ ನಡುವೆ ನಿಲ್ಲಿಸಿದಳು. ಭಜನೆ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದು ಕೇಳಿದಳು.

“ನನ್ನ ದನಿ ಯಾಕೋ ತಗಡು ಬಡದಂಗ ಕೇಳಾಕತ್ತೇದಲ್ಲೋ?”

ನಾನು ನಕ್ಕೆ. ಈಗ ನೆನೆದರೆ ಆ ನಗು ಮೈಯೆಲ್ಲ ಉರಿಸುತ್ತದೆ. “ವಯಸ್ಸಾತಲ್ಲ ಚಿಗವ್ವ,” ಎಂದೆ. “ಸೆಟ್ಟಿನಾಗ ಏನೂ ಐಬಿಲ್ಲ. ಇದ್ದದ್ದು ಇದ್ದಂಗ ಕೇಳಸ್ತದ, ಅಷ್ಟ.”

ನಾನು ಹೇಳಿದೆನಲ್ಲ, ಮುಗಿಯಿತು. ದನಿಯ ವಿಷಯದಲ್ಲಿ ನನ್ನ ಮಾತಿಗೆ ಎದುರು ಆಡುವವರು ಮೂರು ತಾಲೂಕಿನಲ್ಲಿ ಇರಲಿಲ್ಲ, ಅವಳಂತೂ ಮೊದಲೇ ಅಲ್ಲ. ಮುಂದಿನ ಸೋಮವಾರದಿಂದ ಮೈಕು ಬೇರೆಯವರ ಕೈಗೆ ಕೊಟ್ಟು ತಾನು ಹಿಂದೆ ಕೂತು ತಾಳ ಹಾಕತೊಡಗಿದಳು. ಮನೆಯಲ್ಲೂ ಹಾಡು ನಿಂತಿತಂತೆ. ಹೋದಾಗೊಮ್ಮೆ ಕೇಳಿದೆ, ಕೆಟ್ಟ ದನಿಯಲ್ಲಿ ದೇವರ ಪದ ಯಾಕೆ ಎಂದಳು. ವಯಸ್ಸು ಯಾರನ್ನು ಬಿಟ್ಟಿದೆ ಎಂದು ನಾನು ಲೊಚಗುಟ್ಟಿ ಬಂದೆ.

ಅದೇ ವರ್ಷಗಳಲ್ಲಿ ನನಗೆ ಒಂದು ತಲೆನೋವು ಶುರುವಾಗಿತ್ತು. ರಿಪೇರಿಗೆ ವಾಪಸ್ ಬರುವ ನನ್ನ ಸೆಟ್ಟುಗಳಲ್ಲಿ ಟ್ರೆಬಲ್ ಗುಂಡಿ ಎಡಕ್ಕೆ ಹೊರಳಿರುತ್ತಿತ್ತು. ಟ್ರೆಬಲ್ ಎಂದರೆ ಸದ್ದಿನ ಮೇಲಿನ ತುದಿ, ತಾಳದ ಕಿಣಿಕಿಣಿ, ಹಾಡುವವರ ಸಕಾರದ ಚೂಪು ಎಲ್ಲ ಅಲ್ಲಿರುತ್ತವೆ. ಅದನ್ನು ನಾನು ಕೇಳಿ ಕೇಳಿ ಒಂದು ಜಾಗಕ್ಕೆ ತಂದು ನಿಲ್ಲಿಸಿರುತ್ತಿದ್ದೆ, ಅವರು ಮನೆಗೆ ಒಯ್ದು ಇಳಿಸಿಬಿಡುತ್ತಿದ್ದರು. ಒಬ್ಬರಲ್ಲ ಇಬ್ಬರಲ್ಲ. ಯಾಕೆ ತಿರುಗಿಸಿದಿರಿ ಎಂದರೆ ಮಕ್ಕಳು ಮುಟ್ಟಿರಬೇಕು ಎನ್ನುವರು, ಧೂಳು ಒರೆಸುವಾಗ ಹೊರಳಿರಬೇಕು ಎನ್ನುವರು. ನನ್ನ ಪಿತ್ತ ನೆತ್ತಿಗೇರಿತು. ಇಷ್ಟು ಕಷ್ಟಪಟ್ಟು ಅಡುಗೆ ಮಾಡಿ ಬಡಿಸಿದರೆ ನೀರು ಸುರಿದುಕೊಂಡು ಉಣ್ಣುವ ಮಂದಿ ಎಂದು ಬೈದೆ.

ಸೆಟ್ಟಿನ ಒಳಗಿನ ಸಣ್ಣ ತಿರುಪುಗಳು ಅಲುಗದಿರಲಿ ಎಂದು ಅವುಗಳ ಮೇಲೆ ಒಂದು ಹನಿ ಅರಗು ಬಿಡುವುದು ನಮ್ಮ ಕೆಲಸದಲ್ಲಿ ಇದ್ದದ್ದೇ. ನಾನು ಆ ಅರಗನ್ನು ಹೊರಗಿನ ಟ್ರೆಬಲ್ ಗುಂಡಿಗೂ ಹಚ್ಚಿದೆ. ನನಗೆ ಸರಿ ಕಂಡ ಜಾಗಕ್ಕೆ ತಂದು, ಸುತ್ತ ಕೆಂಪು ಅರಗು ಕರಗಿಸಿ ಬಿಟ್ಟು, ಗಟ್ಟಿ ಮಾಡಿದೆ. ಇನ್ನು ಯಾವನು ತಿರುಗಿಸುತ್ತಾನೋ ನೋಡೋಣ ಎಂದು. ಹೊಸದಾಗಿ ಮಾಡಿದ ಎಲ್ಲಕ್ಕೂ ಹಚ್ಚಿದೆ, ರಿಪೇರಿಗೆ ಬಂದವಕ್ಕೂ ಹಚ್ಚಿ ಕಳಿಸಿದೆ. ನಿಂಬರ್ಗಾದ ಭಜನಾ ಮನೆಯ ಸೆಟ್ಟಿಗೂ ಹಚ್ಚಿದೆ. ನಮ್ಮ ಮನೆಯ ಸೆಟ್ಟಿಗೆ ಮಾತ್ರ ಹಚ್ಚಲಿಲ್ಲ, ಅಲ್ಲಿ ಯಾರು ಮುಟ್ಟುತ್ತಾರೆ ಎಂದು. ಆ ಕೆಂಪು ಉಂಗುರ ನನ್ನ ಸಹಿ ಇದ್ದಂತೆ ಆಗಿತ್ತು, ಮಂದಿ ಅದನ್ನು ನೋಡಿ ಗುರುತು ಹಿಡಿಯುತ್ತಿದ್ದರು.

ಹೋದ ಬೇಸಿಗೆಯ ರಜೆಯಲ್ಲಿ ಹೆಂಡತಿಯ ತಮ್ಮ ಬಂದಾಗ ಅವನ ಚೀಲದಲ್ಲಿ ಬೆರಳು ಗಾತ್ರದ ಒಂದು ಮೈಕು ಇತ್ತು. ಅಳತೆಗೆಂದೇ ಮಾಡಿದ ಮೈಕಂತೆ. ಅದನ್ನು ಸ್ಪೀಕರಿನ ಮುಂದೆ ನಿಲ್ಲಿಸಿ ಲ್ಯಾಪ್‌ಟಾಪಿನಿಂದ ಒಂದು ಸದ್ದು ಬಿಟ್ಟರೆ, ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆಂದು ಪರದೆಯ ಮೇಲೆ ಗೆರೆ ಬರುತ್ತದೆ. ಮಧ್ಯಾಹ್ನದ ಹೊತ್ತು, ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅವನು ನನ್ನ ಹೊಸ ಸೆಟ್ಟಿನ ಗೆರೆ ತೆಗೆದಿದ್ದ. ಅವನಿಗೆ ಬುತ್ತಿ ತಂದಿದ್ದ ಅವನ ಅಕ್ಕ, ನನ್ನ ಹೆಂಡತಿಯೂ ಅಲ್ಲೇ ನಿಂತಿದ್ದಳು. ಅಫಜಲಪುರದ ಗಿರಾಕಿ, ನಿವೃತ್ತ ಮಾಸ್ತರ, ತನ್ನ ಸೆಟ್ ಹಿಡಿದು ಕೂತಿದ್ದ. ಅವನು ಇಕ್ಕಳ ಹಾಕಿ ಅರಗು ಒಡೆಯಲು ಹೋಗಿ ಗುಂಡಿಯನ್ನೇ ಮುರಿದುಕೊಂಡು ಬಂದಿದ್ದ. ಅದನ್ನು ನೋಡಿಯೇ ನನ್ನ ತಲೆ ಕಾದಿತ್ತು.

ಪರದೆಯ ಗೆರೆ ಬಹುದೂರ ಸಮನಾಗಿ ಬಂದು, ಬಲಗಡೆ ಒಮ್ಮೆಲೇ ಗುಡ್ಡದ ಹಾಗೆ ಎದ್ದಿತ್ತು. ಅವನು ಬಹಳ ಮೆತ್ತಗೆ, ಮೇಲಿನ ಸ್ವರಗಳು ಬೇಕಾದದ್ದಕ್ಕಿಂತ ಬಹಳ ಹೆಚ್ಚು ಇವೆ ಎಂದ. ಈ ಅಂಗಡಿಯ ಯಾವ ಸೆಟ್ಟಿಗೆ ಹಿಡಿದರೂ ಇದೇ ಗುಡ್ಡ ಬರುತ್ತಿದೆ ಎಂದ. ನಾನು ಆಳಂದದ ಕತೆ ಎತ್ತಿದೆ. ನಿನ್ನ ಮೈಕಿಗೆ ಹಾಡು ಗೊತ್ತೇನು, ಏಕತಾರಿ ಗೊತ್ತೇನು, ತಾಳ ಕೇಳಿ ಅದರ ಮೈ ಜುಮ್ಮೆನ್ನುತ್ತದೇನು ಎಂದೆ. ಅವನು ಮೈಕಿಗೆ ಏನೂ ಗೊತ್ತಿಲ್ಲ, ಅದಕ್ಕೇ ಅದು ಯಾರ ಮುಲಾಜೂ ನೋಡುವುದಿಲ್ಲ ಎಂದ. ಮುಲಾಜು ಎಂಬ ಮಾತು ಯಾಕೆ ಬಂತೆಂದು ನಾನು ಆಗ ಯೋಚಿಸಲಿಲ್ಲ. ಮೈಕು ಸುಳ್ಳು, ಅಗ್ಗದ ಮಾಲು ತಂದಿದ್ದೀಯ ಎಂದು ಕೂಗಾಡಿದೆ. ಅವನು ಇನ್ನೊಂದು ಮೈಕಿನಿಂದಲೂ ನೋಡಿದ್ದೇನೆ ಎಂದ. ಎರಡೂ ಸುಳ್ಳು ಎಂದೆ.

ಕಡೆಗೆ ನಾನೇ ಪಂದ್ಯ ಕಟ್ಟಿದೆ, ನಾನೇ. ಆ ಸದ್ದನ್ನು ಕೆಳಗಿನ ಸ್ವರದಿಂದ ಮೇಲಕ್ಕೆ ನಿಧಾನವಾಗಿ ಬಿಡು, ನಾನು ಬೆನ್ನು ಮಾಡಿ ಕೂರುತ್ತೇನೆ, ನಿನ್ನ ಗುಡ್ಡ ನಿಜವಾಗಿದ್ದರೆ ಅಲ್ಲಿ ಸದ್ದು ಜೋರಾಗಬೇಕು, ಜೋರಾದ ಕೂಡಲೇ ಕೈ ಎತ್ತುತ್ತೇನೆ ಎಂದೆ. ಕೈ ಎತ್ತದಿದ್ದರೆ ಗುಡ್ಡ ಇಲ್ಲ, ನಿನ್ನ ಮೈಕನ್ನು ಭೀಮಾ ನದಿಗೆ ಎಸೆದು ಬಾ ಎಂದೂ ಸೇರಿಸಿದೆ. ಅವನು ಬೇಡ ಮಾಮಾ ಎಂದ, ಎರಡು ಸಲ ಎಂದ. ಹೆಂಡತಿಯೂ ಬೇಡ ಅಂದಳು. ಅಂಜಿದರು ಎಂದುಕೊಂಡೆ. ಸ್ಟೂಲಿನ ಮೇಲೆ ಕೂತು ರಸ್ತೆಗೆ ಮುಖ ಮಾಡಿದೆ.

ಸದ್ದು ಶುರುವಾಯಿತು. ಮೊದಲು ದುಂಬಿಯ ಹಾಗೆ, ಆಮೇಲೆ ದನಿ ಏರುತ್ತಾ ಶಹನಾಯಿಯ ಹಾಗೆ, ಇನ್ನೂ ಏರಿ ಕುಕ್ಕರಿನ ಸೀಟಿಯ ಹಾಗೆ. ಒಂದೇ ಸಮ, ಎಲ್ಲೂ ಜೋರಾಗಲಿಲ್ಲ. ಆಮೇಲೆ ಸಣ್ಣದಾಗುತ್ತಾ ಹೋಗಿ ನಿಂತಿತು. ನನ್ನ ಕೈ ತೊಡೆಯ ಮೇಲೆಯೇ ಇತ್ತು. ಗೆದ್ದೆ ಎಂದುಕೊಂಡು, ರಸ್ತೆಯ ಕಡೆಯೇ ನೋಡುತ್ತಾ ಕೇಳಿದೆ.

“ಯಾಕಲೇ ತಮ್ಮಾ, ನಿಲ್ಲಿಸಿದ್ಯಾಕ? ಮುಂದಿಂದು ಬಿಡು.”

ಹಿಂದಿನಿಂದ ಅವನ ದನಿ ಬಂತು.

“ನಿಲ್ಲಿಸಿಲ್ರಿ ಮಾಮಾ. ನಡದೇ ಅದ.”

ತಿರುಗಿ ನೋಡಿದೆ. ಹೆಂಡತಿ ಎರಡೂ ಕಿವಿ ಒತ್ತಿ ಹಿಡಿದುಕೊಂಡು ಗೋಡೆಗೆ ಆತು ನಿಂತಿದ್ದಳು. ಮಾಸ್ತರ ಕಣ್ಣು ಮುಚ್ಚಿ, ಹುಣಸೆಕಾಯಿ ಕಚ್ಚಿದವನ ಹಾಗೆ ಮುಖ ಕಿವಿಚಿಕೊಂಡಿದ್ದ. ಮತ್ತೆ ರಸ್ತೆಯ ಕಡೆ ನೋಡಿದರೆ ಎದುರಿನ ಟೀ ಅಂಗಡಿಯವನು ಕೆಟಲಿ ಹಿಡಿದೇ ಇತ್ತ ನೋಡುತ್ತಿದ್ದ. ನನಗೆ ಮಾತ್ರ ಅಂಗಡಿ ಶಾಂತವಾಗಿತ್ತು.

ಆಗ ನಾನು ಬೈದೆ. ಏನು ಬೈದೆನೋ ಎಲ್ಲ ನೆನಪಿಲ್ಲ, ನೆನಪಿದ್ದದ್ದನ್ನು ಬರೆಯುವ ಹಾಗಿಲ್ಲ. ಪೆಟ್ಟಿಗೆ ಅಳೆಯಲು ಬಂದವನು ನನ್ನನ್ನು ಅಳೆದುಬಿಟ್ಟೆಯಲ್ಲೋ ಎಂದು ಅವನ ಮೇಲೆ ಹೋದೆ. ಮಾಸ್ತರನ ಕಡೆ ತಿರುಗಿ, ಸೆಟ್ ಒಯ್ಯುವಾಗ ಈ ಸ್ಟೂಲಿನ ಮೇಲೆ ಕೂತು ಛಲೋ ಅದ್ರಿ ಎಂದವರು ನೀವೇ ಅಲ್ಲವೇನ್ರಿ ಎಂದು ಕೇಳಿದೆ. ಅವನು ನೆಲ ನೋಡುತ್ತಾ, ನಿಮ್ಮಂಥವರು ಇಷ್ಟು ಪ್ರೀತಿಯಿಂದ ಮಾಡಿಕೊಟ್ಟದ್ದಕ್ಕೆ ಕಿವಿ ಚುಚ್ಚುತ್ತದೆ ಎಂದು ಹೇಗೆ ಹೇಳಲಿ, ಬಹುಶಃ ನಮಗೇ ಕೇಳಲು ಬರುವುದಿಲ್ಲ ಎಂದುಕೊಂಡೆವು ಎಂದ. ಇದೆಂಥ ಮರ್ಯಾದೆ! ಮನೆಗೆ ಒಯ್ದು ಬಾಗಿಲು ಹಾಕಿಕೊಂಡು ಗುಂಡಿ ಇಳಿಸುವುದು, ಎದುರಿಗೆ ಬಂದರೆ ಹಲ್ಲು ಕಿರಿಯುವುದು. ಇಪ್ಪತ್ತು ವರ್ಷ ಮದುವೆ ಮೆರವಣಿಗೆಗಳ ಹಾರ್ನ್ ಸ್ಪೀಕರಿಗೆ ಕಿವಿ ಹಚ್ಚಿ ಟೆಸ್ಟ್ ಮಾಡಿದವನ ಕಿವಿ ಸವೆದಿರುತ್ತದೆ. ಸವೆದ ಕಿವಿಗೆ ಮೇಲಿನ ಸ್ವರ ಮಂಕಾಗಿ ಕೇಳಿದರೆ ಅವನು ಗುಂಡಿ ಏರಿಸುತ್ತಲೇ ಹೋಗುತ್ತಾನೆ. ಇದನ್ನು ಹೇಳಲು ಮೈಕು ಬೇಕಾಗಿರಲಿಲ್ಲ. ಕಿವಿ ಇದ್ದ ಒಬ್ಬ ಮನುಷ್ಯ ಬಾಯಿ ಬಿಟ್ಟಿದ್ದರೆ ಸಾಕಾಗಿತ್ತು.

ಹೆಂಡತಿಗೆ ಕೇಳಿದೆ, ನಿನಗೂ ಗೊತ್ತಿತ್ತೇನು ಎಂದು. ಅವಳು ಕಿವಿಯಿಂದ ಕೈ ತೆಗೆದು ನೆಟ್ಟಗೆ ನಿಂತಳು.

“ಮನ್ಯಾಗಿನ ಸೆಟ್ಟಿನ ಗುಂಡಿ ಬಾಜೂಕ ಒಂದ್ ಕಪ್ಪು ಚುಕ್ಕಿ ಅದ, ನೋಡೀರಿ?” ಎಂದಳು. “ಕಾಡಿಗಿ ಹಚ್ಚಿ ನಾನೇ ಇಟ್ಟೇನಿ. ನೀವು ಅಂಗಡಿಗಿ ಹೋದ ಮ್ಯಾಲ ಗುಂಡಿ ಇಳಸ್ತೇನಿ, ಬರೂದ್ರಾಗ ಚುಕ್ಕಿಗಿ ತಂದ್ ನಿಲ್ಲಸ್ತೇನಿ. ಹೇಳಿದ್ರ ಕೇಳ್ತಿದ್ರೇನು ನೀವು?”

ಆ ಚುಕ್ಕಿಯನ್ನು ನಾನು ನೋಡಿದ್ದೆ. ಮಸಿ ಎಂದುಕೊಂಡು ಒಮ್ಮೆ ಒರೆಸಿದ್ದೆ ಕೂಡ, ಮರುದಿನ ಮತ್ತೆ ಬಂದಿತ್ತು. ಅವಳ ಮೇಲೆ ಬಂದ ಸಿಟ್ಟು ಎಲ್ಲಿ ಇಡಬೇಕೆಂದು ತಿಳಿಯದೆ ಮಾಸ್ತರನ ಮುರಿದ ಗುಂಡಿಯನ್ನು ತೆಗೆದು ರಸ್ತೆಗೆ ಎಸೆದೆ.

ಆ ಹೊತ್ತಿಗೂ ಚಿಗವ್ವ ನನ್ನ ನೆನಪಿಗೆ ಬಂದಿರಲಿಲ್ಲ. ನನ್ನ ಹೆಸರು, ನನ್ನ ಬೋರ್ಡು, ನನ್ನ ಕೆಂಪು ಉಂಗುರ, ಇಷ್ಟೇ ತಲೆಯಲ್ಲಿ. ಉರಿ ಸ್ವಲ್ಪ ಇಳಿದ ಮೇಲೆ ಪರದೆಯ ಮುಂದೆ ಕೂತು, ಈ ಗುಡ್ಡದಿಂದ ಕೇಳುವವರಿಗೆ ಆಗುವುದಾದರೂ ಏನು ಎಂದು ಹೆಂಡತಿಯ ತಮ್ಮನಿಗೆ ಕೇಳಿದೆ. ಅವನು ಬೆರಳಿಟ್ಟು ತೋರಿಸಿದ.

“ಗಂಡಸರ ದನಿ ಹೆಂಗರ ನಡೀತದ್ರಿ. ತಾಳ ಚುಚ್ಚತದ. ಹೆಣ್ಮಕ್ಕಳ ದನಿ ತಗಡ ಆಗ್ತದ, ಮಾಮಾ.”

ತಗಡು. ಚಿಗವ್ವ ಆಡಿದ್ದೂ ಅದೇ ಮಾತು. ಅವಳು ಅಳತೆಯ ಮೈಕಿಲ್ಲದೆ, ಗೆರೆಯಿಲ್ಲದೆ, ಮೊದಲ ಸೋಮವಾರವೇ ಎರಡನೇ ಪದದ ನಡುವೆ ಕಂಡುಹಿಡಿದಿದ್ದಳು. ನಾನು ನಕ್ಕು, ಅದು ನಿನ್ನ ವಯಸ್ಸು ಎಂದು ಹೇಳಿ ಕಳಿಸಿದ್ದೆ. ಹೊತ್ತಿಗೆ ಮೊದಲೇ ಅಂಗಡಿಯ ಶಟರು ಎಳೆದೆ. ಅಷ್ಟು ಹೊತ್ತು ಊರ ಮೇಲೆಲ್ಲ ಹಾರಾಡಿದ ಸಿಟ್ಟಿಗೆ ಕೂರಲು ಕಡೆಗೂ ಸರಿಯಾದ ಜಾಗ ಸಿಕ್ಕಿತ್ತು.

ಮರುದಿನ ಸೋಮವಾರ. ನಾನು, ಹೆಂಡತಿ, ಅವಳ ತಮ್ಮ ಮೂವರೂ ಮುಂಜಾನೆಯೇ ನಿಂಬರ್ಗಾಕ್ಕೆ ಹೋದೆವು. ಮೈಕನ್ನೂ ಚೀಲದಲ್ಲಿ ಹಾಕಿಕೋ ಎಂದು ಅವನಿಗೆ ನಾನೇ ಹೇಳಿದೆ. ಚಿಗವ್ವ ಅಂಗಳದಲ್ಲಿ ಬೇಳೆ ಆರಿಸುತ್ತಿದ್ದಳು. ಅವಳ ಎದುರು ಕೂತು ಎಲ್ಲವನ್ನೂ ಹೇಳಿದೆ. ನಿನ್ನ ದನಿ ಕೆಟ್ಟಿರಲಿಲ್ಲ, ನನ್ನ ಕಿವಿ ಕೆಟ್ಟಿತ್ತು, ಕೆಟ್ಟ ಕಿವಿಗೆ ಸರಿ ಮಾಡಿದ ಸೆಟ್ ನಿನ್ನ ದನಿಯನ್ನು ಕೆಡಿಸಿತು ಎಂದೆ. ಅವಳು ಮೊರ ಕೆಳಗಿಟ್ಟಳು. ಹೋಗಲಿ ಬಿಡು ಎನ್ನುತ್ತಾಳೆಂದು ನಾನು ಒಳಗೊಳಗೇ ಕಾಯುತ್ತಿದ್ದೆ. ಅವಳು ಅನ್ನಲಿಲ್ಲ.

“ಮೂರು ವರ್ಷ ಬಾಯಿ ಹೊಲಕೊಂಡು ಕೂತೇನಲ್ಲೋ ಮೂಳಾ,” ಎಂದಳು. “ನಿನ್ನ ಮಾತು ಕೇಳಿ.”

ಬೈದದ್ದು ಅಷ್ಟೇ. ಇನ್ನೂ ನಾಲ್ಕು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಸೆರಗು ಸರಿ ಮಾಡಿಕೊಂಡು ಎದ್ದು ಭಜನಾ ಮನೆಯ ಕೀಲಿ ತರಿಸಿದಳು. ಭಜನೆಯ ಹೆಂಗಸರಿಗೆ ಹೇಳಿ ಕಳಿಸಿದಳು. ಹೊಲಕ್ಕೆ ಹೊರಟಿದ್ದವರೂ ಬುತ್ತಿ ಗಂಟು ಹಿಡಿದುಕೊಂಡೇ ಬಂದರು.

ನಾನು ಚಾಕು ಬಿಸಿ ಮಾಡಿ ಅರಗನ್ನು ಕೆರೆದು ತೆಗೆದೆ. ಕೆಂಪು ಪುಡಿ ಚಾಪೆಯ ಮೇಲೆ ಬಿತ್ತು. ಗುಂಡಿ ಸಡಿಲಾದ ಕೂಡಲೇ ನನ್ನ ಕೈ ರೂಢಿಯಂತೆ ಅದನ್ನು ಹಿಡಿಯಿತು, ಸಿಟ್ಟು ಬಂದು ನಾನೇ ಬಿಡಿಸಿಕೊಂಡೆ. ಸೆಟ್ಟಿಗೆ ಬೆನ್ನು ಮಾಡಿ, ಬಾಗಿಲ ಕಡೆ ಮುಖ ಮಾಡಿ ಕೂತೆ. ಚಿಗವ್ವ ಮೈಕು ಹಿಡಿದು ಒಂದು ಪದದ ಮೊದಲ ಸಾಲು ಅಂದಳು. ಮೂರು ವರ್ಷದ ನಂತರ ಆ ದನಿ. ನನಗೆ ಅದು ಕಂಬಳಿಯ ಆಚೆಯಿಂದ ಬಂದ ಹಾಗೆ ಕೇಳಿತು, ಇಷ್ಟು ವರ್ಷ ಎಲ್ಲರ ದನಿಯೂ ಕೇಳಿದ ಹಾಗೆಯೇ. ಅವಳು ನಿಲ್ಲಿಸಿ ಕೇಳಿದಳು.

“ಹೆಂಗದ?”

ಎಷ್ಟು ಮಂದಿಗೆ ನಾನು ಕೇಳಿದ ಮಾತು ಅದು. ನನಗೆ ಯಾರೂ ಎಂದೂ ಕೇಳಿರಲಿಲ್ಲ.

“ನನಗ ಗೊತ್ತಾಗಂಗಿಲ್ಲ ಚಿಗವ್ವ,” ಎಂದೆ. “ನನ್ನ ಕಿವಿ ಹೋಗ್ಯಾವ. ಅವರ‍್ನ ಕೇಳು.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕು. ಅವರಲ್ಲಿ ಹಿರಿಯಳಾದವಳು ಛಲೋ ಅದವ್ವ ಎಂದಳು. ಚಿಗವ್ವ ಮೈಕನ್ನು ದಪ್ಪನೆ ಕೆಳಗಿಟ್ಟದ್ದು ಕೇಳಿತು. ಅದಂತೂ ನನಗೂ ಕೇಳಿತು. ಮೂರು ವರ್ಷ ಛಲೋ ಅದ ಛಲೋ ಅದ ಅಂದು ನನ್ನ ಕೈಯಲ್ಲಿ ತಾಳ ಕೊಟ್ಟು ಕೂಡಿಸಿದಿರಿ, ಇವತ್ತಾದರೂ ಖರೇ ಹೇಳಿರಿ ಎಂದು ಗದರಿಸಿದಳು. ಆಗ ಬುತ್ತಿ ಗಂಟು ಹಿಡಿದು ಬಂದವರಲ್ಲಿ ಒಬ್ಬಳು ಅಳುಕುತ್ತಾ, ಇನ್ನೂ ಚುಚ್ಚುತ್ತದೆ ಎಂದಳು. ಇನ್ನೊಬ್ಬಳು ಮೊದಲಿನಿಂದಲೂ ಚುಚ್ಚುತ್ತಿತ್ತು ಎಂದಳು. ಆಮೇಲೆ ಎಲ್ಲರೂ ಒಟ್ಟಿಗೆ ಶುರು ಮಾಡಿದರು, ತಾಳ ಹಾಕಿದರೆ ತಲೆ ಸಿಡಿಯುತ್ತಿತ್ತು, ಮಕ್ಕಳು ಎದ್ದು ಹೊರಗೆ ಹೋಗುತ್ತಿದ್ದರು, ದೊಡ್ಡವರು ಮಾಡಿಕೊಟ್ಟ ಸೆಟ್ ಎಂದು ಸುಮ್ಮನಿದ್ದೆವು. ನಾನು ಬೆನ್ನು ಮಾಡಿಕೊಂಡೇ ಅಷ್ಟನ್ನೂ ಕೇಳಿದೆ.

ಗುಂಡಿಯನ್ನು ಚಿಗವ್ವನೇ ತಿರುಗಿಸಲಿ ಎಂದೆ. ಅವಳು ಒಂದು ಸಾಲು ಹಾಡುವುದು, ಗುಂಡಿ ಒಂದಿಷ್ಟು ಇಳಿಸುವುದು, ಅವರನ್ನು ಕೇಳುವುದು. ಒಂದು ಕಡೆ ಬಂದು ಸಾಕು, ಇಲ್ಲೇ ಇರಲಿ ಎಂದು ಎಲ್ಲರೂ ಅಂದರು. ಹೆಂಡತಿಯ ತಮ್ಮ ಅಳತೆಯ ಮೈಕು ಹಿಡಿದು ನೋಡಿದ. ಗುಡ್ಡ ಹೋಗಿತ್ತು, ಆದರೆ ಗೆರೆ ಪೂರಾ ಸಮನಾಗಿರಲಿಲ್ಲ, ಬಲಗಡೆ ತುಸು ಇಳಿದೇ ಇತ್ತು. ಲೆಕ್ಕದ ಪ್ರಕಾರ ಇನ್ನೂ ಸ್ವಲ್ಪ ಏರಿಸಬೇಕು ಎಂದ. ಹೆಂಗಸರು ಬೇಡವೇ ಬೇಡ ಎಂದರು. ಅವನು ಅವರ ಮುಖಗಳನ್ನೂ ಗೆರೆಯನ್ನೂ ಒಂದೆರಡು ಸಲ ನೋಡಿ ಲ್ಯಾಪ್‌ಟಾಪ್ ಮುಚ್ಚಿದ. ಅವನ ಯಂತ್ರ ಇಲ್ಲದಿದ್ದರೆ ನಾವು ಅಲ್ಲಿಗೆ ಬರುತ್ತಲೇ ಇರಲಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಅವನು ಮುಚ್ಚಿದ್ದು ನನಗೆ ಸರಿ ಎನಿಸಿತು.

ಚಿಗವ್ವ ಪದವನ್ನು ಮೊದಲಿನಿಂದ ಎತ್ತಿಕೊಂಡಳು. ನನ್ನ ಕಿವಿಗೆ ಅದೇ ಕಂಬಳಿ, ಇನ್ನೊಂದು ಪದರ ದಪ್ಪವಾಗಿತ್ತು, ಅಷ್ಟೇ. ತಿರುಗಿ ನೋಡಬಾರದೆಂದು ಹಟ ಹಿಡಿದು ಕೂತಿದ್ದೆ, ಆಗಲಿಲ್ಲ. ತಿರುಗಿದೆ. ಅವಳು ಕಣ್ಣು ಮುಚ್ಚಿ ಹಾಡುತ್ತಿದ್ದಳು. ನನ್ನ ಹೆಂಡತಿ ಹೆಂಗಸರ ನಡುವೆ ಕೂತಿದ್ದಳು, ಹಿಂದಿನ ದಿನ ಕಿವಿ ಒತ್ತಿ ಹಿಡಿದಿದ್ದ ಎರಡೂ ಕೈ ಮಡಿಲಲ್ಲಿ ಬಿಟ್ಟುಕೊಂಡು.